ಒಂದೇ ಹೆಸರಿನ ಸಂಸ್ಥಾನ

ಜರ್ಮನಿಯಲ್ಲಿ ಹಿಂದೆ ರಾಯ್ಸ್ ಎಂಬ ಸಂಸ್ಥಾನವೊಂದಿತ್ತು. ತೀರಾ ಪುಟ್ಟದು. ನಮ್ಮ ಕಡೆಯ ಎರಡು ತಾಲ್ಲೂಕು ಸೇರಿಸಿದರೆ ಅದಕ್ಕಿಂತ ದೊಡ್ಡದಾಗುತ್ತದೆ. ಅಷ್ಟನ್ನೇ ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಹಿರಿಯ ಶಾಖೆ, ಕಿರಿಯ ಶಾಖೆ ಎಂದು ಬೇರೆ ಬೇರೆ ಅರಮನೆಗಳಲ್ಲಿ ಕೂತಿದ್ದರು. ಪಾಲು ಎಲ್ಲ ಮನೆಯಲ್ಲೂ ಆಗುತ್ತದೆ, ಅದೇನು ದೊಡ್ಡ ವಿಷಯವಲ್ಲ. ಆ ಮನೆತನದ ವಿಶೇಷವೆಂದರೆ ಅಲ್ಲಿ ಹುಟ್ಟಿದ ಪ್ರತಿಯೊಂದು ಗಂಡುಮಗುವಿಗೂ ಒಂದೇ ಹೆಸರು, ಹೈನ್ರಿಕ್. ಅಪ್ಪ ಹೈನ್ರಿಕ್, ಚಿಕ್ಕಪ್ಪ ಹೈನ್ರಿಕ್, ತೊಟ್ಟಿಲಲ್ಲಿ ಅಳುತ್ತಿರುವುದೂ ಹೈನ್ರಿಕ್. ಯಾವುದೋ ಕಾಲದ ಚಕ್ರವರ್ತಿಯ ಉಪಕಾರ ಸ್ಮರಣೆಗೆಂದು ಶುರುವಾದದ್ದು ಏಳುನೂರು ವರ್ಷ ನಡೆಯಿತಂತೆ.

ಇದನ್ನು ಓದಿದಾಗ ನಾನು ಆಸ್ಟಿನ್ನಿನ ಒಂದು ಲೈಬ್ರರಿಯಲ್ಲಿ ಕೂತಿದ್ದೆ. ಗಂಡನ ವೀಸಾದ ಬಾಲ ಹಿಡಿದು ಬಂದ, ಕೆಲಸ ಮಾಡಲು ಅನುಮತಿಯಿಲ್ಲದ ಹೆಂಡತಿಯರಿಗೆ ಟೆಕ್ಸಾಸಿನ ಬೇಸಿಗೆಯಲ್ಲಿ ಲೈಬ್ರರಿಯ ಎಸಿಯೇ ತವರುಮನೆ. ನನ್ನ ನಾಲ್ಕು ವರ್ಷದ ಮಗನನ್ನು ಕಥೆ ಹೇಳುವ ಕೋಣೆಗೆ ಬಿಟ್ಟು, ಪಕ್ಕದಲ್ಲೇ ಇದ್ದ ಕಪಾಟಿನಿಂದ ಕೈಗೆ ಸಿಕ್ಕಿದ್ದನ್ನು ಓದುತ್ತಿದ್ದೆ. ಆ ಕಪಾಟು ಜರ್ಮನಿಯ ಪುಸ್ತಕಗಳದ್ದಾಗಿತ್ತು. ಅಡುಗೆಯದಾಗಿದ್ದರೆ ನಮ್ಮ ಮನೆಯ ಚರಿತ್ರೆಯೇ ಬೇರೆಯಾಗುತ್ತಿತ್ತು. ಹೈನ್ರಿಕ್‌ಗಳ ಪುಟಕ್ಕೆ ಬಂದಾಗ ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ಲೈಬ್ರರಿಯ ಅಜ್ಜಿ ನೀರು ತಂದುಕೊಟ್ಟರು. ನಗು ನಿಂತ ಮೇಲೆ ಸಿಟ್ಟು ಬಂತು. ಯಾಕೆಂದರೆ ಅಂಥದೇ ಒಂದು ಸಂಸ್ಥಾನಕ್ಕೆ ನಾನು ಸೊಸೆಯಾಗಿದ್ದೆ.

ನನ್ನ ಮಾವನವರು ಮೈಸೂರಿನಲ್ಲಿ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತರಾದವರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಲವತ್ತೈದು ವರ್ಷದ ಸಂಸಾರದಲ್ಲಿ ಅತ್ತೆ ಒಮ್ಮೆಯೂ ಬಾಯಿಬಿಟ್ಟು ಹೇಳದ ಹೆಸರನ್ನು ಸೊಸೆ ಅಚ್ಚು ಹಾಕಿಸಿದರೆ ಚೆನ್ನಾಗಿರುವುದಿಲ್ಲ. ಬೆಟ್ಟದ ಮೇಲಿರುವ ಒಬ್ಬ ದೇವರ ಹೆಸರು ಎಂದಷ್ಟೇ ಹೇಳಬಲ್ಲೆ. ನಾನಾದರೋ ಗಂಡನನ್ನು ಹೆಸರು ಹಿಡಿದೇ ಕರೆಯುತ್ತೇನೆ, ಕೋಪ ಬಂದಾಗ ಅದರ ಜೊತೆಗೆ ಇನ್ನೂ ಕೆಲವು ಸೇರಿಸುತ್ತೇನೆ.

ಮಾವನವರಿಗೆ ಮೂವರು ಗಂಡುಮಕ್ಕಳು. ದೊಡ್ಡವರು, ಅಂದರೆ ನನ್ನ ಭಾವ, ಡಲ್ಲಾಸ್ ಹತ್ತಿರ ಕ್ಯಾರಲ್ಟನ್ನಿನಲ್ಲಿ. ನಡುವಿನವರು ನನ್ನ ಯಜಮಾನರು, ಆಸ್ಟಿನ್ನಿನಲ್ಲಿ. ಕೊನೆಯವನು ಮೈದುನ, ಹ್ಯೂಸ್ಟನ್ನಿನ ಆಚೆ ದ ವುಡ್‌ಲ್ಯಾಂಡ್ಸ್‌ನಲ್ಲಿ. ಮೊದಲ ಮೊಮ್ಮಗನಿಗೆ ತಾತನ ಹೆಸರಿಡಬೇಕು ಎನ್ನುವುದು ಮನೆಯ ಪದ್ಧತಿ. ಆದರೆ ಮೊದಲು ಮಗ ಹುಟ್ಟಿದ್ದು ಕೊನೆಯವನಿಗೆ. ಅವನು ತಾತನ ಹೆಸರಿಟ್ಟ. ಎರಡು ತಿಂಗಳಿಗೆ ಭಾವನಿಗೆ ಮಗ ಹುಟ್ಟಿದ. ಮೊದಲ ಮೊಮ್ಮಗ ಅಂದರೆ ಹಿರಿಯ ಮಗನ ಮಗ ಎಂದು ವಾದಿಸಿ ಅವರೂ ಅದೇ ಹೆಸರಿಟ್ಟರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ನೀನು ಬದಲಾಯಿಸು ಎಂದು ಇವರು, ನೀನೇ ಬದಲಾಯಿಸು ಎಂದು ಅವನು.

ಮೂರನೆಯದು ನನ್ನದು. ನಾನು ಒಂದು ಚಂದದ ಹೆಸರನ್ನು ಆರು ತಿಂಗಳಿಂದ ಹುಡುಕಿ ಇಟ್ಟುಕೊಂಡಿದ್ದೆ. ನಮ್ಮಲ್ಲಿ ನಾಮಕರಣಕ್ಕೆ ಹನ್ನೊಂದು ದಿನವಾದರೂ ಇರುತ್ತದೆ. ಇಲ್ಲಿಯ ಆಸ್ಪತ್ರೆಯಲ್ಲಿ ಎರಡನೇ ದಿನವೇ ಒಬ್ಬಾಕೆ ಫಾರಂ ಹಿಡಿದು ಬಂದು ನಿಂತಳು. ನಾನು ನಿದ್ದೆಯಲ್ಲಿದ್ದೆ. ನನ್ನ ಗಂಡ ಗಾಬರಿಯಲ್ಲಿ ಅಪ್ಪನ ಹೆಸರು ಬರೆದು ಸಹಿ ಹಾಕಿದರು.

"ಅವರಿಬ್ರೂ ಇಟ್ಟಿದಾರೆ. ನಾನೊಬ್ನೇ ಇಡ್ಲಿಲ್ಲ ಅಂದ್ರೆ ಅಪ್ಪ ಏನಂದ್ಕೊಳ್ತಾರೆ?" ಎಂದರು.

"ನಾನೇನಂದ್ಕೊಳ್ತೀನಿ ಅಂತ ಯೋಚ್ನೆ ಬರ್ಲಿಲ್ವಾ?" ಎಂದು ಕೇಳಿದೆ. ಉತ್ತರವಾಗಿ ಅವರು ಮಗುವಿನ ಡಯಾಪರ್ ಬದಲಾಯಿಸಿದರು. ಅದು ಅವರು ತಾವಾಗಿಯೇ ಬದಲಾಯಿಸಿದ ಮೊದಲ ಡಯಾಪರ್.

ಇಷ್ಟಕ್ಕೇ ಮುಗಿಯಲಿಲ್ಲ. ಮೈಸೂರಿನಲ್ಲಿ ನಮಗೆ ಇನಿಷಿಯಲ್ ಸಾಕು, ಸರ್‌ನೇಮ್ ಎಂಬುದೇ ಇಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಆ ಖಾಲಿ ಜಾಗದಲ್ಲಿ ಮೂವರು ಅಣ್ಣತಮ್ಮಂದಿರೂ ಅಪ್ಪನ ಹೆಸರು ತುಂಬಿದ್ದರು, ಆಮೇಲೆ ಅತ್ತೆಯ ಪಾಸ್‌ಪೋರ್ಟಿಗೂ ಅದೇ. ಹಾಗಾಗಿ ಮಕ್ಕಳ ಲಾಸ್ಟ್ ನೇಮ್ ತಾತನ ಹೆಸರು. ಫಸ್ಟ್ ನೇಮ್ ಕೂಡ ತಾತನ ಹೆಸರು. ಮಕ್ಕಳ ಡಾಕ್ಟರ ಹತ್ತಿರ ಹೋದರೆ ಮುಂದೆ ಕೂತ ಹುಡುಗಿ ಲಾಸ್ಟ್ ನೇಮ್ ಕೇಳುತ್ತಿದ್ದಳು, ಹೇಳುತ್ತಿದ್ದೆ. ಫಸ್ಟ್ ನೇಮ್ ಕೇಳುತ್ತಿದ್ದಳು, ಅದನ್ನೇ ಹೇಳುತ್ತಿದ್ದೆ. ಅವಳು ನನ್ನನ್ನು ಇಂಗ್ಲಿಷ್ ಬಾರದವಳೆಂದು ತಿಳಿದು, ನಿಧಾನವಾಗಿ, ಬಿಡಿಸಿ ಬಿಡಿಸಿ ಮತ್ತೆ ಕೇಳುತ್ತಿದ್ದಳು. ಮಾವನವರು ಮೈಸೂರಿನಿಂದ ಮೊಮ್ಮಗನಿಗೆ ಬರೆಯುವ ಕಾಗದದಲ್ಲಂತೂ ಫ್ರಮ್ ಕಡೆಗೂ ಅದೇ ಹೆಸರು, ಟು ಕಡೆಗೂ ಅದೇ ಹೆಸರು. ಇಡೀ ಅಂಚೆ ಇಲಾಖೆಯ ಚರಿತ್ರೆಯಲ್ಲಿ ಇಂಥ ಲಕೋಟೆ ಇಲ್ಲ ಎಂದು ಆ ನಿವೃತ್ತ ಪೋಸ್ಟ್‌ಮಾಸ್ಟರಿಗೆ ಹೆಮ್ಮೆ.

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ವೈಟುಕೆ ಗಲಾಟೆ ಮುಗಿದು, ಪ್ರಪಂಚ ಮುಳುಗದೆ ಉಳಿದ ವರ್ಷದ ಬೇಸಿಗೆಯಲ್ಲಿ ಅತ್ತೆ ಮಾವ ಬಂದರು. ಹ್ಯೂಸ್ಟನ್ ಏರ್‌ಪೋರ್ಟಿನ ಇಮಿಗ್ರೇಷನ್ ಕೌಂಟರಿನಲ್ಲಿ ಅಧಿಕಾರಿ ಅತ್ತೆಯನ್ನು ಗಂಡನ ಹೆಸರೇನು ಎಂದು ಕೇಳಿದನಂತೆ. ಮಾವ ಹೇಳಹೋದರೆ, ಆಕೆಯೇ ಹೇಳಲಿ ಎಂದನಂತೆ. ಅತ್ತೆ ಊರಿನಲ್ಲಿ ಮಾಡುವಂತೆ ಮಾಡಿದರು. ಬೆಟ್ಟದ ಮೇಲಿರುವವರು ಎನ್ನುವ ಅರ್ಥದಲ್ಲಿ ಕೈಯೆತ್ತಿ ಮೇಲೆ ತೋರಿಸಿದರು. ಅಧಿಕಾರಿಯ ಮುಖ ಇಳಿದುಹೋಯಿತು. ಬಹಳ ವಿಷಾದವಾಯಿತಮ್ಮ ಎಂದು ತಗ್ಗಿದ ದನಿಯಲ್ಲಿ ಹೇಳಿ ಠಪ್ಪನೆ ಸೀಲು ಒತ್ತಿದ. ಪಕ್ಕದಲ್ಲೇ ನಿಂತಿದ್ದ ಸ್ವರ್ಗಸ್ಥರು ಒಂದು ಸಲ ಕೆಮ್ಮಿದರು.

ಉಳಿದೆರಡು ಮನೆಯಲ್ಲಿ ಒಂದೂವರೆ ತಿಂಗಳಂತೆ ಇದ್ದು, ಕೊನೆಗೆ ಅವರು ನಮ್ಮಲ್ಲಿಗೆ ಬಂದರು. ಒಂದು ದಿನ ಬೀನ್ಸ್ ಬಿಡಿಸುತ್ತಾ ಅತ್ತೆ ಹೇಳಿದರು, "ನಂಗೆ ಈ ದೇಶದಲ್ಲಿ ಏನೂ ನೋಡೋದು ಬೇಡ ಕಣಮ್ಮಾ. ಮೂರೂ ಮಕ್ಕಳನ್ನ ಒಂದು ಪಂಕ್ತೀಲಿ ಕೂರಿಸಿ ಒಂದೇ ಒಂದು ಸಲ ನಾನು ಬಡಿಸ್ಬೇಕು. ಅಷ್ಟಾದ್ರೆ ಸಾಕು, ಹೊರಟ್ಬಿಡ್ತೀನಿ."

"ಫೋನ್ ಮಾಡಿ ಕರೀರಿ ಅತ್ತೆ."

"ಕರ್ದೆ. ಅವ್ನು ಬರೋದಾದ್ರೆ ನಾನು ಬರಲ್ಲ ಅಂತಾನೆ ದೊಡ್ಡೋನು. ಚಿಕ್ಕೋನೂ ಅದನ್ನೇ ಹೇಳ್ದ." ಒಂದು ಬೀನ್ಸ್ ಮುರಿದು, "ಮೊಮ್ಮಕ್ಕಳನ್ನಾದ್ರೂ ಬಾಯ್ತುಂಬ ಕರಿಯೋಣ ಅಂದ್ರೆ ಅವುಕ್ಕೂ ಇವರ ಹೆಸ್ರೇ ಇಟ್ಟು ಕೂತಿದೀರ. ಮೂರು ತಿಂಗಳಿಂದ ಎಲ್ರನ್ನೂ ಏ ಮರಿ, ಏ ಮರಿ ಅಂತಿದೀನಿ. ಮರಿಗಳೇನು, ಕುರಿಯಾ?" ಎಂದರು.

ನಗಬೇಕೆಂದು ಬಾಯಿ ತೆರೆದೆ, ಆಗಲಿಲ್ಲ. ಅತ್ತೆಯ ಕೈಯಲ್ಲಿದ್ದ ಬೀನ್ಸ್ ನಾರು ತೆಗೆಯದೆ ಹಾಗೇ ನಿಂತಿತ್ತು. ಎರಡು ವಾರದಲ್ಲಿ ಅವರ ಟಿಕೆಟ್ ಇತ್ತು. ಆಗಲೇ ನನಗೆ ಹೈನ್ರಿಕ್‌ಗಳು ನೆನಪಾದದ್ದು.

ಮರುದಿನವೇ ಹೋಗಿ ಆ ಪುಸ್ತಕ ಮನೆಗೆ ತಂದೆ. ರಾಯ್ಸಿನವರು ಮೊದಮೊದಲು ಅಡ್ಡಹೆಸರುಗಳಲ್ಲಿ ಸುಧಾರಿಸಿಕೊಂಡಿದ್ದರು. ಉದ್ದನೆಯ ಹೈನ್ರಿಕ್, ಸಿರಿವಂತ ಹೈನ್ರಿಕ್, ಹೀಗೆ. ಅಡ್ಡಹೆಸರು ಸಾಲದಾದಾಗ ನಂಬರ್ ಹಾಕಿದರು. ಪಟ್ಟಕ್ಕೆ ಬಂದವರಿಗೆ ಮಾತ್ರವಲ್ಲ, ಹುಟ್ಟಿದ ಎಲ್ಲರಿಗೂ. ಹಿರಿಯ ಶಾಖೆಯಲ್ಲಿ ನೂರರವರೆಗೆ ಎಣಿಸಿ ಮತ್ತೆ ಒಂದರಿಂದ ಶುರು ಮಾಡುವುದು, ಕಿರಿಯ ಶಾಖೆಯಲ್ಲಿ ಹೊಸ ಶತಮಾನ ಬಂದ ಕೂಡಲೇ ಒಂದಕ್ಕೆ ಹಿಂದಿರುಗುವುದು ಎಂದು ನಿಯಮ. ಹಾಗಾಗಿ ಹದಿನಾಲ್ಕನೆಯ ದೊರೆಯ ನಂತರ ಪಟ್ಟಕ್ಕೆ ಬಂದ ಅವನ ಮಗ ಇಪ್ಪತ್ತೇಳನೆಯವನು. ನಡುವಿನ ಹನ್ನೆರಡು ಜನ ಎಲ್ಲೆಲ್ಲೋ ಹುಟ್ಟಿ, ತಮ್ಮ ತಮ್ಮ ನಂಬರ್ ಇಟ್ಟುಕೊಂಡು, ಸುಮ್ಮನಿದ್ದರು. ಆ ಸುಮ್ಮನಿದ್ದವರ ಮೇಲೆ ನನಗೆ ಬಹಳ ಗೌರವ ಬಂತು.

ಮೊದಲು ಭಾವನಿಗೆ ಫೋನ್ ಮಾಡಿದೆ. ಜರ್ಮನಿಯ ರಾಜಮನೆತನದ ಪದ್ಧತಿ ಎಂದು ಗಂಭೀರವಾಗಿ ಎಲ್ಲ ವಿವರಿಸಿ, "ಭಾವ, ನಿಮ್ಮದು ಹಿರಿಯ ಶಾಖೆ. ಮನೆತನದ ಯಜಮಾನಿಕೆ ನಿಮ್ಮದೇ. ನಂಬರ್ ಅನ್ನೋದು ಬರೀ ಹುಟ್ಟಿದ ಸರದಿ, ಅದಕ್ಕೇನೂ ಬೆಲೆ ಇಲ್ಲ," ಎಂದೆ. "ಹಿರಿಯ ಶಾಖೆ," ಎಂದು ಅವರು ಒಂದು ಸಲ ಹೇಳಿ ನೋಡಿಕೊಂಡರು. ಬಾಯಿಗೆ ರುಚಿಸಿತೆಂದು ಕಾಣುತ್ತದೆ, ಒಪ್ಪಿಕೊಂಡರು. ಆಮೇಲೆ ಮೈದುನನಿಗೆ ಮಾಡಿದೆ. "ಶಾಖೆ ಗೀಖೆ ಎಲ್ಲ ಹೆಸರಿಗಷ್ಟೇ. ನಂಬರ್ ಒನ್ ನಿನ್ನ ಮಗಾನೇ, ಪುಸ್ತಕದಲ್ಲೇ ಇದೆ," ಎಂದೆ. ಫೋನಿನ ಆಚೆಯಿಂದ ಧಾರವಾಡದವಳಾದ ಅವನ ಹೆಂಡತಿಯ ದನಿ ಕೇಳಿಸಿತು: "ಹೂಂ ಅನ್ರಿ ಲಗೂನ. ನಾಕ್ ವರ್ಷ ಆತು, ಸಾಕಾಗೇತಿ ನನಗ." ಅವನೂ ಹೂಂ ಅಂದ. ಇಬ್ಬರನ್ನೂ ಗೆಲ್ಲಿಸಿದ ರಾಜತಂತ್ರಜ್ಞೆ ನಾನೆಂದು ಆ ದಿನ ಎರಡು ಲೋಟ ಕಾಫಿ ಕುಡಿದೆ.

ಮಾವನವರು ಮಾತ್ರ ಮುನಿಸಿಕೊಂಡರು. "ಹೆಸರು ನಂದು. ನಂಗೇ ನಂಬರ್ ಇಲ್ವಾ?"

"ನೀವು ನಂಬರ್ ಶುರುವಾಗೋ ಮುಂಚಿನೋರು ಮಾವ. ನಿಮ್ಮ ಕಾಲದಲ್ಲಿ ಅಡ್ಡಹೆಸರು."

"ಹಾಗಾದ್ರೆ ಒಂದು ಅಡ್ಡಹೆಸರು ಕೊಡಿ."

ಅತ್ತೆ ಒಳಗಿನಿಂದಲೇ, "ಗೊಣಗೋರು ಅಂತಿಡು," ಎಂದರು.

ಆ ಶನಿವಾರಕ್ಕೆ ಎಲ್ಲ ಸಿದ್ಧವಾಯಿತು. ಮೂರು ಟೀ ಶರ್ಟಿನ ಬೆನ್ನಿಗೆ ಒಂದು, ಎರಡು, ಮೂರು ಎಂದು ಇಸ್ತ್ರಿಯಲ್ಲಿ ಅಂಟಿಸಿದೆ. ಹ್ಯೂಸ್ಟನ್ನಿನವನು ಒಂದು, ಡಲ್ಲಾಸಿನವನು ಎರಡು, ನನ್ನವನು ಮೂರು. ಹುಳಿ, ಪಲ್ಯ, ಚಿತ್ರಾನ್ನ, ಹೋಳಿಗೆ ಎಲ್ಲ ಅತ್ತೆಯದೇ, ಸಾರು ಮಾತ್ರ ನನ್ನದು. ಹತ್ತೂವರೆಗೆ ಭಾವನ ಫೋನು: "ಅವ್ನು ಬಂದ್ನಾ?" ಇಲ್ಲ ಎಂದೆ. "ಬಂದ್ಮೇಲೆ ಹೇಳು. ನಾನ್ಯಾಕೆ ಮೊದ್ಲು ಬಂದು ಕಾಯ್ಲಿ?" ಹತ್ತು ನಿಮಿಷಕ್ಕೆ ಮೈದುನನ ಫೋನು: "ಅತ್ತಿಗೆ, ಅಣ್ಣ ಬಂದಾಯ್ತಾ?" ಒಂದು ಗಂಟೆ ಹೀಗೇ ನಡೆಯಿತು. ಕೊನೆಗೆ ನನ್ನ ಗಂಡ ಮೊಸರು ತರಲೆಂದು ಹೊರಟು ನೋಡಿದರೆ, ನಮ್ಮ ಬಡಾವಣೆಯ ಮೂಲೆಯ ಗ್ಯಾಸ್ ಸ್ಟೇಷನ್ನಿನಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಕಟ್ಟಡದ ಈ ಪಕ್ಕ ಒಂದು ವ್ಯಾನ್, ಆ ಪಕ್ಕ ಒಂದು ವ್ಯಾನ್. ಇಬ್ಬರೂ ಒಂದೇ ಅಂಗಡಿಯ ಚಿಪ್ಸ್ ತಿನ್ನುತ್ತಾ ಒಬ್ಬರಿಗೊಬ್ಬರು ಕಾಯುತ್ತಿದ್ದರು. ನನ್ನ ಗಂಡ ಮುಂದೆ, ಎರಡು ವ್ಯಾನ್ ಹಿಂದೆ, ಮೆರವಣಿಗೆ ಮನೆಗೆ ಬಂತು.

ಹುಡುಗರು ಐದು ನಿಮಿಷದಲ್ಲಿ ಒಂದಾದರು. "ವಾಟ್ಸ್ ಯುವರ್ ನೇಮ್?" ಎಂದು ಒಬ್ಬ ಕೇಳಿದ್ದಕ್ಕೆ ಉಳಿದಿಬ್ಬರೂ ಒಟ್ಟಿಗೆ ಉತ್ತರ ಹೇಳಿ, ಮೂವರೂ ನೆಲಕ್ಕೆ ಬಿದ್ದು ನಕ್ಕರು. ಅತ್ತೆಯೂ ನಂಬರಿಗೆ ಬೇಗ ಹೊಂದಿಕೊಂಡರು. "ಒಂದೂ, ಬಾ ಇಲ್ಲಿ. ಎರಡೂ, ಮೂಗು ಒರೆಸ್ಕೋ. ಮೂರೂ, ಇಳಿ ಕೆಳಗೆ." ಬಾಯ್ತುಂಬ ಕರೆದು ಕರೆದು ಅವರ ಮುಖ ಕೆಂಪಾಗಿತ್ತು. ಮಾವ ಮೂಲೆಯಲ್ಲಿ ಕೂತು, "ಸಿಟಿ ಬಸ್ ಸ್ಟ್ಯಾಂಡಿನ ಹಾಗಿದೆ," ಎಂದು ತಮ್ಮ ಅಡ್ಡಹೆಸರು ಉಳಿಸಿಕೊಂಡರು.

ಹಾಲಿನ ನೆಲದಲ್ಲಿ ಕ್ಯಾರಲ್ಟನ್ನಿನಿಂದ ತಂದ ಬಾಳೆ ಎಲೆ ಹಾಕಿದೆವು. ಭಾವ ಆ ತುದಿ, ಮೈದುನ ಈ ತುದಿ, ನಡುವೆ ನನ್ನ ಗಂಡ. ಮಾವನವರು ಕೈ ತೊಳೆಯಲು ಬಚ್ಚಲಿಗೆ ಹೋಗಿದ್ದರು. ಅತ್ತೆ ಪಲ್ಯದ ಪಾತ್ರೆ ಹಿಡಿದು ಬಂದು, ಸಂತೋಷದಲ್ಲಿ ಹಿಂದುಮುಂದು ನೋಡದೆ, "ಮೊದ್ಲು ನಂಬರ್ ಒಂದರ ಅಪ್ಪನಿಗೆ," ಎಂದು ಮೈದುನನ ಎಲೆಗೆ ಬಡಿಸಿದರು.

"ಮೊದಲು ಹಿರಿಯ ಶಾಖೆಗೆ ಅಲ್ವೇನಮ್ಮಾ?" ಎಂದರು ಭಾವ.

"ಯಾವ ಶಾಖೆ?" ಎಂದ ಮೈದುನ.

"ಮನೆತನದ ಯಜಮಾನಿಕೆ ನಂದು ಅಂತ ಆಗಿದೆ. ನಂಬರಿಗೆ ಬೆಲೆ ಇಲ್ಲ."

"ಬೆಲೆ ಇಲ್ಲದೇ ಇರೋದು ಶಾಖೆಗೆ. ಪುಸ್ತಕದಲ್ಲೇ ಇದೆಯಂತೆ."

ಇಬ್ಬರೂ ನನ್ನನ್ನು ನೋಡಿದರು. ಹುಳಿಯ ಸೌಟು ಹಿಡಿದು ನಾನು ನಿಂತಿದ್ದೆ. "ಹೋಳಿಗೆ ಬಿಸಿ ಇದೆ," ಎಂದೆ.

ಭಾವ ಎಲೆ ಬಿಟ್ಟು ಎದ್ದರು. ಬಡಿಸುತ್ತಿರುವಾಗ ಎಲೆ ಬಿಟ್ಟು ಏಳುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಅವರು ಎದ್ದರೆಂದು ಮೈದುನನೂ ಎದ್ದು ಕಾರಿನ ಕೀ ಹುಡುಕತೊಡಗಿದ. ನಡುವೆ ಕೂತಿದ್ದ ನನ್ನ ಗಂಡ, ರಾಯ್ಸಿನ ಆ ಹನ್ನೆರಡು ಜನರಂತೆ, ಸುಮ್ಮನಿದ್ದರು. ಅತ್ತೆ ಪಲ್ಯದ ಪಾತ್ರೆ ಹಿಡಿದು ಎರಡು ಖಾಲಿ ಜಾಗಗಳನ್ನು ನೋಡುತ್ತಾ ನಿಂತರು. ಅವರ ಮುಖ ನೋಡಲಾರದೆ ನಾನು ಸೌಟನ್ನು ನೋಡಿದೆ. ನನ್ನ ಜಾಣತನದ ಮೇಲೆ ನನಗೇ ಅಸಹ್ಯವಾಯಿತು.

ಆ ಹೊತ್ತಿಗೆ ಸರಿಯಾಗಿ ಐಸ್‌ಕ್ರೀಮ್ ಗಾಡಿಯ ಸಂಗೀತ ಬೀದಿಯ ಕೊನೆಯಿಂದ ಕೇಳಿಸಿತು. ಮುಂಬಾಗಿಲು ದಢಾರನೆ ತೆರೆದುಕೊಂಡಿತು. ಮೂವರು ಹುಡುಗರೂ ಹುಲ್ಲಿನ ಮೇಲೆ ಓಡುತ್ತಿದ್ದರು. ಎಲ್ಲರಿಗಿಂತ ಮುಂದಿದ್ದವನ ಬೆನ್ನಿನ ಮೇಲೆ ಎರಡು ಎಂದಿತ್ತು. ಬೀದಿಯಲ್ಲಿ ಗಾಡಿಯ ಹಿಂದಿನಿಂದ ಒಂದು ಪಿಕಪ್ ಟ್ರಕ್ ಮುನ್ನುಗ್ಗಿ ಬರುತ್ತಿತ್ತು. ಬಾಗಿಲಿಗೆ ಹತ್ತಿರವಿದ್ದವರು ಅತ್ತೆ. "ಏ ಎರಡೂ! ನಿಲ್ಲೋ! ಎರಡೂ!" ಎಂದು ಕೂಗಿದರು. ಹುಡುಗ ನಿಲ್ಲಲಿಲ್ಲ. ಅವನು ಎರಡಾಗಿರಲೇ ಇಲ್ಲ. ಹುಡುಗರು ಆಗಲೇ ಒಂದು ಆಟದ ಕಾರಿನ ಆಸೆಗೆ ಶರ್ಟುಗಳನ್ನು ಬದಲಾಯಿಸಿಕೊಂಡಿದ್ದು ಆಮೇಲೆ ತಿಳಿಯಿತು. "ಮೂರೂ! ಒಂದೂ!" ಎಂದರು. ಯಾರೂ ತಿರುಗಲಿಲ್ಲ. ಪಾದಚಾರಿ ದಾರಿಯ ಅಂಚು ಬಂದುಬಿಟ್ಟಿತ್ತು.

ಆಗ ಅತ್ತೆ ಹೆಸರು ಹಿಡಿದು ಕೂಗಿದರು.

ಪೂರ್ತಿ ಹೆಸರು, ನಲವತ್ತೈದು ವರ್ಷ ಕೂಡಿಟ್ಟ ದನಿಯಲ್ಲಿ. ಎದುರುಮನೆಯ ನಾಯಿ ಬೊಗಳುವುದನ್ನು ನಿಲ್ಲಿಸಿತು. ಮೂವರು ಹುಡುಗರೂ ನಿಂತಲ್ಲೇ ನಿಂತರು. ಟ್ರಕ್ ಅವರ ಮುಂದೆ ಹಾದುಹೋಯಿತು. ಭಾವ ಒಂದು ಕಾಲಿಗೆ ಚಪ್ಪಲಿ ಹಾಕಿ, ಮೈದುನ ಕೀ ಹಿಡಿದು, ಇಬ್ಬರೂ ತಾಯಿಯನ್ನೇ ನೋಡುತ್ತಿದ್ದರು. ಒಳಗೆ ಬಚ್ಚಲಿನಿಂದ ಒಂದು ದನಿ ಬಂತು.

"ಓ!"

ಮಾವನವರು ಒದ್ದೆ ಕೈಯಲ್ಲೇ ಓಡಿಬಂದರು. "ಕರೆದ್ಯಾ?" ಎಂದು ಕೇಳಿದರು. ಅವರನ್ನು ಹಾಗೆ ನಾನು ಹಿಂದೆಂದೂ ನೋಡಿರಲಿಲ್ಲ. ಗೊಣಗುವುದೆಲ್ಲ ಎಲ್ಲಿ ಹೋಯಿತೋ, ಮೊದಲ ಸಲ ಹೆಣ್ಣು ನೋಡಲು ಬಂದ ಹುಡುಗನ ಹಾಗೆ ನಿಂತಿದ್ದರು.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಸೆರಗು ತೆಗೆದು ಇಬ್ಬರು ಮಕ್ಕಳ ಕಡೆ ತಿರುಗಿದರು. "ಅವರ ಹೆಸರು ಬಾಯಲ್ಲಿ ಬಂತಲ್ರೋ ನಿಮ್ಮಿಂದ. ಒಂದು ಹೆಸರನ್ನ ಕಾಪಾಡ್ಕೊಳೋದು ಹೇಗೆ ಅಂತ ನನ್ನ ನೋಡಿ ಕಲೀಲಿಲ್ಲ, ಅದಕ್ಕೋಸ್ಕರ ಕಿತ್ತಾಡೋದು ಮಾತ್ರ ಕಲಿತ್ರಿ. ಕೂತ್ಕೊಳ್ಳಿ ಇಬ್ರೂ. ಪಲ್ಯ ಆರ್ತಿದೆ."

ಕೂತರು. ಭಾವ ಒಂದು ಚಪ್ಪಲಿ ಬಿಚ್ಚಲು ಮರೆತೇ ಕೂತರು. ಅತ್ತೆ ಈ ಸಲ ಮೊದಲು ನಡುವಿನವರಿಗೆ ಬಡಿಸಿ, ಆಮೇಲೆ ಅತ್ತ ಒಂದು ಚಮಚ, ಇತ್ತ ಒಂದು ಚಮಚ ಹಾಕುತ್ತಾ ಹೋದರು. ಮೈದುನ ತನ್ನ ಎಲೆಯ ಹೋಳಿಗೆಯಲ್ಲಿ ಅರ್ಧ ಮುರಿದು, ನನ್ನ ಗಂಡನ ಮುಂದಿನಿಂದ ಕೈ ಚಾಚಿ ಅಣ್ಣನ ಎಲೆಗಿಟ್ಟ. ಭಾವ ತಿಂದರು. ಅದಕ್ಕಿಂತ ಹೆಚ್ಚಿನ ಮಾತು ಆ ದಿನ ನಡೆಯಲಿಲ್ಲ, ಬೇಕಾಗಿಯೂ ಇರಲಿಲ್ಲ. ಅತ್ತೆಗೆ ಬಡಿಸಿದ್ದು ಸಾಕೆನಿಸಲೇ ಇಲ್ಲ. ನಾನು ಸಾರಿಗೆ ಉಪ್ಪು ಹಾಕಲು ಮರೆತಿದ್ದೆ, ಯಾರೂ ಹೇಳಲಿಲ್ಲ.

ಆಮೇಲಿನ ವಾರವೆಲ್ಲ ಮಾವನವರಿಗೆ ಕಿವಿ ಮಂದವಾಯಿತು. ಅತ್ತೆ "ಏನೂಂದ್ರೆ" ಎಂದರೆ ಕೇಳಿಸುತ್ತಿರಲಿಲ್ಲ. "ರೀ, ಕಾಫಿ" ಎಂದರೂ ಕೇಳಿಸುತ್ತಿರಲಿಲ್ಲ. ಏನೋ ನಿರೀಕ್ಷೆಯಲ್ಲಿ ಪೇಪರಿನ ಹಿಂದೆ ಕೂತಿರುತ್ತಿದ್ದರು. ಅತ್ತೆ ಕಾಫಿಯನ್ನು ಅವರ ಪಕ್ಕದಲ್ಲಿ ಕುಕ್ಕಿ ಹೋಗುತ್ತಿದ್ದರು. ಹೆಸರು ಮತ್ತೆ ಬರಲಿಲ್ಲ.

ಹೊರಡುವ ದಿನ ಹ್ಯೂಸ್ಟನ್ ಏರ್‌ಪೋರ್ಟಿಗೆ ಎಲ್ಲರೂ ಹೋದೆವು, ಎರಡು ವ್ಯಾನ್, ಒಂದು ಕಾರು. ಚೆಕ್-ಇನ್ ಕೌಂಟರಿನ ಹುಡುಗಿ ಅತ್ತೆಯ ಪಾಸ್‌ಪೋರ್ಟ್ ತೆರೆದು, ಲಾಸ್ಟ್ ನೇಮ್ ಏನೆಂದು ಸುಮ್ಮನೆ ಕೇಳಿದಳು. ಮಾವ ಸೂಟ್‌ಕೇಸಿನ ಹಗ್ಗ ಬಿಗಿಯುವವರಂತೆ ಬಗ್ಗಿದರು, ಕಿವಿ ಮಾತ್ರ ಈ ಕಡೆಗಿತ್ತು. ಅತ್ತೆ ಮೇಲೆ ಕೈ ತೋರಿಸಲಿಲ್ಲ. ಒಂದು ಸಲ ಬಗ್ಗಿದ ಆ ಬೆನ್ನನ್ನು ನೋಡಿದರು. ಆಮೇಲೆ ಹುಡುಗಿಯ ಕಡೆ ತಿರುಗಿ, ಮೆಲ್ಲಗೆ, ಸ್ಪಷ್ಟವಾಗಿ ಹೇಳಿದರು.

"ಓ!" ಎಂದರು ಮಾವ, ಇಡೀ ಸಾಲಿಗೆ ಕೇಳುವಂತೆ.

ಹಿಂದಿನಿಂದ ಇನ್ನೂ ಮೂರು ಓ ಕೇಳಿಸಿದವು.